ಭಾವನನ್ನು ಅಣ್ಣ ಎಂದ ಏಳು ವಾರ

ಬಾಯಿಮಾತಿನ ಸುಳ್ಳುಗಳನ್ನು ಬಿಟ್ಟರೆ, ನಾನು ಸಹಿ ಹಾಕಿ ಹೇಳಿದ ಸುಳ್ಳು ಈ ಜನ್ಮದಲ್ಲಿ ಎರಡೇ. ಎರಡನ್ನೂ ವಾಷಿಂಗ್ಟನ್ನಿನ ವಿಮಾನ ನಿಲ್ದಾಣದಲ್ಲಿ, ಐದು ನಿಮಿಷದೊಳಗೆ ಹೇಳಿ ಮುಗಿಸಿದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಮುಂದೇನು ಎಂದು ಕೇಳಿದವರ ಮೇಲೆಲ್ಲ ಹರಿಹಾಯುತ್ತ ಮನೆಯಲ್ಲಿದ್ದೆ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿದ್ದರು. ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಅತ್ತೆ ಅಲ್ಲಿಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತ, ತಮ್ಮ ಕಾರನ್ನು ತಾವೇ ಓಡಿಸಿಕೊಂಡು, ಯಾರ ಹಂಗೂ ಇಲ್ಲದೆ ಇದ್ದರು. ಒಬ್ಬನೇ ಮಗ. ಒಂಬತ್ತನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಅಲ್ಲಿಗೆ ಹೋದವನು ಈಗ ಆ ದೇಶದ ಪ್ರಜೆಯೇ ಆಗಿ, ಕಾರಿನಲ್ಲಿ ಏಳು ಗಂಟೆ ದೂರದ ಷಾರ್ಲೆಟ್‌ನಲ್ಲಿ ಬ್ಯಾಂಕಿನ ಕಂಪ್ಯೂಟರ್ ಕೆಲಸದಲ್ಲಿದ್ದ. ಅತ್ತೆಗೆ ಮಂಡಿಯ ಆಪರೇಷನ್ ನಿಗದಿಯಾದಾಗ ನೋಡಿಕೊಳ್ಳುವುದಕ್ಕೆ ನನ್ನನ್ನು ಕರೆಸಿಕೊಂಡರು. ವಿಸಿಟರ್ ವೀಸಾ ಸುಲಭವಾಗಿಯೇ ಸಿಕ್ಕಿತು.

ಅತ್ತೆಯ ಮಗ ಎಂದರೆ ನನಗೆ ಭಾವ. ನಾನು ತೊಟ್ಟಿಲಲ್ಲಿದ್ದಾಗಲೇ ‘ಇವಳು ನನ್ನ ಸೊಸೆ’ ಎಂದು ಅತ್ತೆ ಹೇಳಿಬಿಟ್ಟಿದ್ದರಂತೆ. ಎರಡು ವರ್ಷ ಹಿಂದೆ ಆ ಮಾತು ಮತ್ತೆ ಬಂದಾಗ ನಾನು ಖಡಾಖಂಡಿತವಾಗಿ ಆಗುವುದಿಲ್ಲ ಎಂದಿದ್ದೆ. ಹುಡುಗನ ಮೇಲೆ ದ್ವೇಷವೇನೂ ಇರಲಿಲ್ಲ. ನನ್ನನ್ನು ಕೇಳದೆ ತೊಟ್ಟಿಲಲ್ಲೇ ನಿಶ್ಚಯ ಮಾಡಿದರಲ್ಲ ಎಂಬ ಸಿಟ್ಟು, ಅಷ್ಟೇ. ಆ ಅಧ್ಯಾಯ ಮುಗಿಯಿತು ಎಂದು ನಂಬಿ ವಿಮಾನ ಹತ್ತಿದೆ.

ಇಳಿದಾಗ ಇಮಿಗ್ರೇಷನ್ ಅಧಿಕಾರಿಗೆ ನನ್ನ ಮೇಲೆ ಅನುಮಾನ ಬಂತು. ಮದುವೆಯಿಲ್ಲ, ಕೆಲಸವಿಲ್ಲ, ಈ ಹುಡುಗಿ ವಾಪಸ್ ಹೋಗುತ್ತಾಳೆ ಎನ್ನುವುದಕ್ಕೆ ಏನು ಖಾತ್ರಿ? ಒಳಗಿನ ಕೋಣೆಗೆ ಕರೆದೊಯ್ದು ಸೂಟ್‌ಕೇಸ್ ಬಿಚ್ಚಿಸಿದ. ಚಟ್ನಿಪುಡಿ, ಹುಣಸೆ ತೊಕ್ಕು, ಅತ್ತೆಗೆಂದು ಎರಡು ಕಾಟನ್ ಸೀರೆ. ಅದರ ಕೆಳಗೆ ಬಟ್ಟೆ ಸುತ್ತಿ ಹೊಲಿದ ಒಂದು ಪುಟ್ಟ ಸ್ಟೀಲ್ ಡಬ್ಬಿ. ‘ಅತ್ತೆ ಕೈಗೇ ಕೊಡು, ನೀನು ಬಿಚ್ಚಬೇಡ’ ಎಂದು ಅಮ್ಮ ಹೇಳಿ ಕಳಿಸಿದ್ದಳು. ಅಧಿಕಾರಿ ಹೊಲಿಗೆ ಕತ್ತರಿಸಿ ಮುಚ್ಚಳ ತೆಗೆದ. ಅರಿಸಿನದ ಕೊಂಬು, ಕುಂಕುಮದ ಪೊಟ್ಟಣ, ಕರಿಮಣಿ ಸರ. ಸರದಲ್ಲಿ ಒಂದೇ ಒಂದು ತಾಳಿಬೊಟ್ಟು.

ನಮ್ಮ ಮನೆತನದಲ್ಲಿ ತಾಳಿಗೆ ಎರಡು ಬೊಟ್ಟು, ಒಂದು ತವರಿನದು, ಇನ್ನೊಂದು ಗಂಡಿನ ಮನೆಯದು. ಇಲ್ಲಿ ಒಂದೇ ಇದೆ ಎಂದರೆ ಇನ್ನೊಂದು ಜರ್ಮನ್‌ಟೌನಿನಲ್ಲಿ ಕಾಯುತ್ತಿದೆ ಎಂದೇ ಅರ್ಥ. ಅಮ್ಮನೂ ಅತ್ತೆಯೂ ಸೇರಿಕೊಂಡು ನನ್ನನ್ನು ಪಾರ್ಸೆಲ್ ಮಾಡಿದ್ದಾರೆ ಎಂಬುದು ನನಗೆ ತಿಳಿದದ್ದು ಆ ಮೇಜಿನ ಮುಂದೆ, ಒಬ್ಬ ಅಪರಿಚಿತನ ಎದುರಿಗೆ. ಮೈಯೆಲ್ಲ ಉರಿದುಹೋಯಿತು.

ಆ ಅಧಿಕಾರಿ ಇಂಥ ಸರಗಳನ್ನು ಎಷ್ಟು ನೋಡಿದ್ದನೋ! ಇದು ಮದುವೆಯ ಸರವಲ್ಲವೇ, ಯಾರಿಗೆ ಎಂದು ಕೇಳಿದ. ಅತ್ತೆಗೆ ಎಂದೆ. ಅತ್ತೆಯ ಮನೆಗೆ ಇನ್ನು ಯಾರು ಬರುತ್ತಾರೆ ಎಂದ. “ಮೈ ಕಸಿನ್ ಬ್ರದರ್,” ಎಂದೆ. ಮದುವೆಯಾಗುವುದಕ್ಕೆ ಬಂದಿದ್ದೀಯಾ ಎಂದ. ಇಲ್ಲ ಎಂದೆ. ಮೂರರಲ್ಲಿ ಕೊನೆಯದೊಂದೇ ನಿಜ. ಎಲ್ಲವನ್ನೂ ಟೈಪ್ ಮಾಡಿಸಿ ನನ್ನ ಸಹಿ ಹಾಕಿಸಿಕೊಂಡ. ಬೇರೆಯವರಿಗೆ ಆರು ತಿಂಗಳು ಕೊಡುವ ಕಡೆ ನನಗೆ ಎರಡೇ ತಿಂಗಳ ಮುದ್ರೆ ಒತ್ತಿದ. ಅವನಿಗೆ ನನ್ನ ಮಾತಿನ ಮೇಲೆ ನಂಬಿಕೆ ಬಂದಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅದೇ ವಿಮಾನದಲ್ಲಿ ಹಿಂದಕ್ಕೆ ಅಟ್ಟಬಹುದಾಗಿತ್ತು. ಅಟ್ಟಲಿಲ್ಲ. ಬದಲಿಗೆ ಡಬ್ಬಿಯ ಮುಚ್ಚಳ ಹಾಕಿ, ಬಟ್ಟೆಯನ್ನು ಮೊದಲಿನ ಹಾಗೇ ಸುತ್ತಿ ಕೈಗಿತ್ತ. ಅವನ ಹೊಟ್ಟೆ ತಣ್ಣಗಿರಲಿ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

ಅತ್ತೆಯ ಎದುರು ಡಬ್ಬಿಯನ್ನು ಕುಕ್ಕಿ, “ಇದು ಯಾರಿಗೆ ಅಂತ ಕೇಳಿದ್ರು. ನಿಮಗೆ ಅಂತ ಹೇಳ್ದೆ,” ಎಂದೆ. ಗಂಡ ಸತ್ತು ಆರು ವರ್ಷವಾದ ಹೆಂಗಸಿಗೆ ತಾಳಿ ತಂದಿದ್ದೇನೆ ಎಂದ ನನ್ನ ಬಾಯಿಗೆ ಅತ್ತೆ ಬೈಯಬೇಕಿತ್ತು. ಅವರು ನೋಯುತ್ತಿದ್ದ ಮಂಡಿ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. “ಅಯ್ಯೋ ನನ್ನ ರಾಜಾತಿ! ಈ ವಯಸ್ಸಲ್ಲಿ ನಂಗೆ ಗಂಡು ಯಾರು ಅಂತ ಕೇಳ್ಲಿಲ್ವೇನೇ ಅವ್ನು?” ನನಗೂ ನಗು ಬಂತು. ಆದರೆ ಸೋಲಬಾರದಲ್ಲ, ಮುಖ ಬಿಗಿದುಕೊಂಡೆ.

ಶುಕ್ರವಾರ ಸಂಜೆ ಭಾವ ಷಾರ್ಲೆಟ್‌ನಿಂದ ಬಂದ. ಬಾಗಿಲು ತೆಗೆದವಳು ಅತ್ತೆಗೆ ಕೇಳಿಸುವ ಹಾಗೆ ಗಟ್ಟಿಯಾಗಿ, “ಬಾ ಅಣ್ಣಾ, ಚೆನ್ನಾಗಿದ್ದೀಯಾ?” ಎಂದೆ. ಒಳಗೆ ಲೋಟ ಬಿದ್ದ ಸದ್ದಾಯಿತು. “ಏಯ್! ಭಾವನ್ನ ಯಾರಾದ್ರೂ ಅಣ್ಣ ಅಂತಾರೇನೇ? ಬಿಡ್ತು ಅನ್ನು!” ಎಂದು ಅತ್ತೆ ಕೂಗಿದರು. ನಾನು ಬಿಡ್ತು ಅನ್ನಲಿಲ್ಲ. ಅವನು ಮಾತ್ರ ಏನೂ ಆಗದವನಂತೆ, “ಚೆನ್ನಾಗಿದೀನಮ್ಮಾ, ನೀನು?” ಎಂದು ಬೂಟು ಬಿಚ್ಚತೊಡಗಿದ.

ಅವನ ಕನ್ನಡಕ್ಕೆ ತುಕ್ಕು ಹಿಡಿದಿತ್ತು. ಪಕ್ಕದ ಮನೆಯ ನಾಯಿಯನ್ನು ‘ಅವರು ಬಂದ್ರು’ ಎನ್ನುತ್ತಿದ್ದ, ಅತ್ತೆಯ ಡಾಕ್ಟರನ್ನು ‘ಅದು ಏನ್ ಹೇಳ್ತು?’ ಎನ್ನುತ್ತಿದ್ದ. ಇಂಥವನಿಗೆ ಅಣ್ಣನಿಗೂ ಭಾವನಿಗೂ ಇರುವ ವ್ಯತ್ಯಾಸ ಎಲ್ಲಿ ಹೊಳೆಯಬೇಕು ಎಂದುಕೊಂಡೆ. ಅವನಿಗೆ ತಿಳಿಯದಿದ್ದರೇನು, ಅತ್ತೆಗೆ ತಿಳಿದರೆ ಸಾಕಿತ್ತು. ಪ್ರತಿ ವಾರ ಬರುತ್ತಿದ್ದ. ಆಪರೇಷನ್ನಾದ ಅಮ್ಮನನ್ನು ಮಂಡಿಯ ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದ, ಭಾನುವಾರ ನಾನು ಏಳುವುದರೊಳಗೆ ವಾರಕ್ಕಾಗುವಷ್ಟು ತರಕಾರಿ ಹೆಚ್ಚಿ ಡಬ್ಬಿಗಳಲ್ಲಿ ತುಂಬಿಡುತ್ತಿದ್ದ. ಅಣ್ಣಾ ಕಾಫಿ, ಅಣ್ಣಾ ಊಟಕ್ಕೆ ಬಾ, ಅಣ್ಣಾ ಆ ಕುಕ್ಕರ್ ಇಳಿಸು. ಅವನು ನಗುತ್ತ, “ಏನಮ್ಮಾ?” ಎಂದು ಓಗೊಡುತ್ತಿದ್ದ.

ಏಳನೆಯ ವಾರ ಅತ್ತೆ ತಡೆಯಲಾರದೆ ಮದುವೆಯ ಮಾತೆತ್ತಿದರು. ನಾನು ರೇಗಿದೆ, ಅತ್ತೆ ಕಣ್ಣೀರು ಹಾಕಿದರು. ಅವನು ಎದ್ದುಹೋಗಿ ದೇವರ ಕಪಾಟಿನಿಂದ ಆ ಡಬ್ಬಿಯನ್ನು ತಂದು ನನ್ನ ಕೈಯಲ್ಲಿಟ್ಟ. “ಇದು ನಿಂದು. ವಾಪಸ್ ತಗೊಂಡ್ ಹೋಗು. ಅಮ್ಮಾ, ಶಿ ಸೆಡ್ ನೋ. ಇನ್ನೊಂದ್ ಸಲ ಕೇಳ್ಬೇಡ,” ಎಂದ. ಅಷ್ಟು ವರ್ಷಗಳಲ್ಲಿ ನನ್ನ ‘ಇಲ್ಲ’ವನ್ನು ಇಲ್ಲ ಎಂದೇ ಕೇಳಿಸಿಕೊಂಡವರು ಬೇರೆ ಯಾರೂ ಇರಲಿಲ್ಲ.

ಮಾರನೆಯ ದಿನ ನನ್ನ ಟಿಕೆಟ್ಟನ್ನು ಮುಂಚಿನ ದಿನಕ್ಕೆ ಬದಲಾಯಿಸಲು ಟ್ರಾವೆಲ್ ಏಜೆಂಟನ ಅಂಗಡಿಗೆ ಅವನೇ ಕರೆದುಕೊಂಡು ಹೋದ. ಅಂಗಡಿಯಾಕೆ ಯಾವ ದಿನ ಬೇಕು ಎಂದು ಕೇಳಿದಳು. ನಾನು ಕ್ಯಾಲೆಂಡರ್ ನೋಡಿದೆ, ಅವನನ್ನು ನೋಡಿದೆ. ಅವನು ನನ್ನ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. “ಭಾವ, ಬೇಡ. ಹೋಗೋಣ ನಡಿ,” ಎಂದೆ. ಅವನು “ಓಕೆ” ಎಂದ. ಕಾರಿನ ಬೀಗ ತೆಗೆಯುವಾಗ ಕೀ ಎರಡು ಸಲ ಕೆಳಗೆ ಬಿತ್ತು. ನಾನು ಬಳಸಿದ ಪದವನ್ನು ಅವನು ಗಮನಿಸಿಯೇ ಇಲ್ಲ ಎಂದುಕೊಂಡೆ.

ಎರಡು ತಿಂಗಳ ಮುದ್ರೆ ಮುಗಿಯುವುದಕ್ಕೆ ಮೂರು ದಿನ ಮೊದಲು ಮದುವೆಯಾಯಿತು. ಎರಡು ಬೊಟ್ಟುಗಳೂ ಒಂದೇ ಸರಕ್ಕೆ ಸೇರಿದವು. ನಾನು ಷಾರ್ಲೆಟ್‌ಗೆ ಹೋದೆ. ಅತ್ತೆ ಅತ್ತೆಯಾಗಿಯೇ ಉಳಿದರು, ಕರೆಯುವ ಪದವನ್ನು ಬದಲಾಯಿಸುವ ಕಷ್ಟವೂ ಇರಲಿಲ್ಲ.

ಆದರೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದಾಗ ಆ ಸಹಿ ಮಾಡಿದ ಹೇಳಿಕೆ ಎದ್ದು ಕೂತಿತು. ಮದುವೆಗೆಂದೇ ಬಂದು ಸುಳ್ಳು ಹೇಳಿ ಒಳಗೆ ಬಂದವಳು ಎಂದು ತೀರ್ಮಾನವಾದರೆ ನನ್ನನ್ನು ಕಳಿಸಿಬಿಡುತ್ತಾರೆ, ಮತ್ತೆ ಕಾಲಿಡುವುದಕ್ಕೂ ಬಿಡದಿರಬಹುದು ಎಂದು ವಕೀಲರು ಹೇಳಿದರು. ಹಾಗಾದರೆ ಅವನು ಅಮ್ಮನನ್ನು ಬಿಡಬೇಕು, ಇಲ್ಲ ನನ್ನನ್ನು. ವಕೀಲರು ನಮ್ಮಿಬ್ಬರಿಗೂ ಪಾಠ ಮಾಡಿದರು: ಯಾರ ಟೂತ್‌ಬ್ರಶ್ ಯಾವ ಬಣ್ಣ, ಹಾಸಿಗೆಯ ಯಾವ ಬದಿಯಲ್ಲಿ ಯಾರು. ಕಸಿನ್ ಬ್ರದರ್ ಮಾತು ಬಂದರೆ ನನಗೆ ಆಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ ಎಂದುಬಿಡಿ ಎಂದೂ ಹೇಳಿಕೊಟ್ಟರು. ಇಂಗ್ಲಿಷ್ ಎಂ.ಎ. ಮಾಡಿದವಳಿಗೆ! ಗಡೀಪಾರು ಮಾಡಿದರೂ ಸರಿ, ಆ ಮಾತೊಂದನ್ನು ಆಡುವುದಿಲ್ಲ ಎಂದೆ. ನನ್ನ ಗಂಡ ಕೆಮ್ಮುವ ನೆಪದಲ್ಲಿ ನಕ್ಕ.

ಷಾರ್ಲೆಟ್‌ನ ಕಚೇರಿಯಲ್ಲಿ ನಮ್ಮನ್ನು ಬೇರೆ ಬೇರೆಯಾಗಿ ಕರೆದರು. ಮೊದಲು ನಾನು. ಕನ್ನಡಕಕ್ಕೆ ಸರ ಕಟ್ಟಿಕೊಂಡಿದ್ದ ಹಿರಿಯ ಅಧಿಕಾರಿಣಿ, ದಕ್ಷಿಣದವರ ಎಳೆದಾಡುವ ಮಾತು. ಟೂತ್‌ಬ್ರಶ್ಶಿನ ಸುದ್ದಿಗೇ ಹೋಗಲಿಲ್ಲ. ನನ್ನ ಹೇಳಿಕೆಯನ್ನು ಮುಂದಿಟ್ಟುಕೊಂಡು, ಮೊದಲ ಪುಟದಲ್ಲಿ ಅತ್ತೆ ವಿಧವೆ ಎಂದಿದ್ದೀಯಾ, ಎರಡನೆಯ ಪುಟದಲ್ಲಿ ಸರ ಅತ್ತೆಗೆ ಎಂದಿದ್ದೀಯಾ, ನಿಮ್ಮಲ್ಲಿ ವಿಧವೆಯರು ಈ ಸರ ಹಾಕಿಕೊಳ್ಳುತ್ತಾರೇನು ಎಂದು ಕೇಳಿದರು.

“ಇಲ್ಲ. ಅದು ಸುಳ್ಳು. ನನಗೇ ಕಳಿಸಿದ್ದು ಎಂದು ಆ ಡಬ್ಬಿ ಬಿಚ್ಚಿದ ಗಳಿಗೆಯಲ್ಲಿ ಗೊತ್ತಾಯಿತು. ಅದಕ್ಕೆ ಮೊದಲು ಗೊತ್ತಿರಲಿಲ್ಲ,” ಎಂದೆ.

ಮತ್ತೆ ಈ ಬ್ರದರ್? ಅಣ್ಣನನ್ನು ಮದುವೆಯಾದೆಯಾ, ಹನೀ, ಎಂದರು.

ನಾನು ಒಂದು ಹಾಳೆ ಕೇಳಿ ತೆಗೆದುಕೊಂಡು ಅಪ್ಪನನ್ನು, ಅವನ ತಮ್ಮನನ್ನು, ಅಕ್ಕನನ್ನು ಗೀಚಿ ತೋರಿಸಿದೆ. ಚಿಕ್ಕಪ್ಪನ ಮಗನಾದರೆ ಅಣ್ಣ, ಕಸಿನ್ ಬ್ರದರ್ ಎಂದರೆ ಸರಿ. ಅತ್ತೆಯ ಮಗ ಭಾವ. ಅವನನ್ನು ಮದುವೆಯಾಗಬಹುದು, ಅದಕ್ಕೇ ಆ ಹೆಸರು. ಆಕೆ ಹಾಳೆಯನ್ನು ತಿರುಗಿಸಿ ನೋಡಿದರು. ಹಾಗಾದರೆ ವ್ಯತ್ಯಾಸ ನಿನಗೆ ಗೊತ್ತಿತ್ತು ಎಂದರು. ಗೊತ್ತಿತ್ತು. ಬೇಕೆಂದೇ ಬ್ರದರ್ ಎಂದೆಯಾ? ಹೌದು. ಯಾಕೆ?

“ಸಿಟ್ಟಿಗೆ. ಮದುವೆಯಾಗಬಾರದು ಎಂದು. ಮನೆಗೆ ಹೋದ ಮೇಲೂ ಏಳು ವಾರ ಅಣ್ಣ ಎಂದೇ ಕರೆದೆ.”

ಮನಸ್ಸು ಬದಲಾದದ್ದು ಯಾವಾಗ ಎಂದು ಕೇಳಿದರು. ಟ್ರಾವೆಲ್ ಏಜೆಂಟನ ಅಂಗಡಿಯಲ್ಲಿ ಎಂದೆ. ಭಾವ ಎಂದು ಕರೆದದ್ದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಹೊರಗೆ ಬಂದು ಕುರ್ಚಿಯಲ್ಲಿ ಕೂತೆ, ಅವನು ಒಳಗೆ ಹೋದ. ಎಲ್ಲ ಕೆಡಿಸಿಬಿಟ್ಟೆ ಎಂದು ಅಳು ಬಂತು. ಅಂಗಡಿಯಲ್ಲಿ ಭಾವ ಎಂದದ್ದರ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಕೊಂಡಿರಲಿಲ್ಲ. ನನ್ನ ಮಾತಿಗೆ ಸಾಕ್ಷಿ ಹೇಳಬೇಕಾದವನಿಗೆ ಆ ಪದವೇ ಕಿವಿಗೆ ಬಿದ್ದಿಲ್ಲವಲ್ಲ!

ಸ್ವಲ್ಪ ಹೊತ್ತಿಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡರು. ಆಕೆ ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. ನಿನ್ನ ಗಂಡನಿಗೂ ಒಂದೇ ಪ್ರಶ್ನೆ ಕೇಳಿದೆ, ಇವಳು ನಿನ್ನನ್ನು ಒಪ್ಪಿದಳು ಎಂದು ನಿನಗೆ ಯಾವಾಗ ತಿಳಿಯಿತು ಎಂದು. ಆತ ಹೇಳಿದ್ದು, ಟಿಕೆಟ್ ಅಂಗಡಿಯಲ್ಲಿ ಅವಳು ನನ್ನನ್ನು ಅಣ್ಣ ಎನ್ನುವುದನ್ನು ನಿಲ್ಲಿಸಿದಾಗ, ಎಂದರು.

ನಾನು ಅವನ ಕಡೆ ತಿರುಗಿದೆ. ಅವನು ತನ್ನ ಬೂಟು ನೋಡುತ್ತ ಕೂತಿದ್ದ.

ಕರಿಮಣಿಯ ಸುಳ್ಳಿಗೆ ಕ್ಷಮೆ ಕೋರಿ ಇನ್ನೊಂದು ಅರ್ಜಿ ಹಾಕಬೇಕಾಯಿತು, ಅದಕ್ಕೆ ಅತ್ತೆಯೇ ಮುಂದೆ ಬಂದು ಎರಡು ಪುಟ ಬರೆದುಕೊಟ್ಟರು. ಹತ್ತು ತಿಂಗಳಾದ ಮೇಲೆ ಕಾರ್ಡು ಅಂಚೆಯಲ್ಲಿ ಬಂತು. ಆ ಅಧಿಕಾರಿಣಿಗೆ, ಡಬ್ಬಿ ಸುತ್ತಿ ಕೊಟ್ಟವನಿಗೆ, ನಕ್ಕು ಮರೆತ ಅತ್ತೆಗೆ, ಪಾರ್ಸೆಲ್ ಮಾಡಿದ ಅಮ್ಮನಿಗೂ ನಾನು ಋಣಿ. ಆದರೆ ಕಾರ್ಡು ಬಂದ ದಿನ ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಆ ಕಚೇರಿಯ ಪಾರ್ಕಿಂಗ್ ಲಾಟು.

“ಅಣ್ಣ ಅಂದ್ರೇನು ಅಂತ ನಿಂಗೆ ಗೊತ್ತಿತ್ತಾ?” ಎಂದು ಕೇಳಿದೆ.

“ಮೊದ್ಲ ದಿನಾನೇ.”

“ಮತ್ತೆ ಏನಮ್ಮಾ, ಏನಮ್ಮಾ ಅಂತ ನಕ್ಕೊಂಡು ಬರ್ತಿದ್ಯಲ್ಲೋ, ಏಳು ವಾರ!”

ಅವನು ನನ್ನ ಕಡೆಯ ಬಾಗಿಲು ತೆಗೆದು ಹಿಡಿದುಕೊಂಡು ನಿಂತಿದ್ದ.

“ನೀನು ಅಣ್ಣ ಅಂದೆ,” ಎಂದ. “ಸೋ, ಅಣ್ಣ ಆಗೇ ಇದ್ದೆ.”