ಲೇಡೀಸ್ ಬಾರ್

ನಾಗಣಸೂರಿನ ಶೀತಲಳನ್ನು ನೋಡಲು ಸೊಲ್ಲಾಪುರದಿಂದ ವರನ ಕಡೆಯವರು ಬಂದಾಗ, ವರನ ತಾಯಿ ರತ್ನಾಬಾಯಿ ಮೊದಲು ಹಿಡಿದು ನೋಡಿದ್ದು ಹುಡುಗಿಯ ಅಂಗೈ. ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡು ಕಟ್ಟಿತ್ತು. ಹೆಬ್ಬೆರಳಿನ ಬದಿಯ ಚರ್ಮವಂತೂ ಹುಣಸೆ ತೊಗಟೆಯ ಹಾಗೆ ಬಿರಿದಿತ್ತು.

"ಹುಡುಗೀನ್ನ ಹೊಲಕ್ಕ ಹಚ್ಚಿದ್ರೇನ್ರಿ?"

ಶೀತಲಳ ತಾಯಿ ಕಲ್ಯಾಣಮ್ಮನಿಗೆ ಸಿಟ್ಟು ಮೂಗಿನ ತುದಿಗೇ ಬಂತು. ಆದರೆ ಹೆಣ್ಣು ಹೆತ್ತವಳು, ನುಂಗಿಕೊಂಡಳು. "ನಮ್ಮ ಮನಿ ಹೆಣ್ಮಕ್ಕಳು ಬುತ್ತಿ ಒಯ್ಯೂದು ಬಿಟ್ರ ಹೊಲದ ಕಡಿ ಹಾಯೂದಿಲ್ರಿ ಅಕ್ಕಾರ. ಅದು ಆಟದ ಗುರ್ತು. ಯೂನಿವರ್ಸಿಟಿ ಮಟ ಹೋಗಿ ಭಾರ ಎತ್ತಿ ಪದಕ ತಂದಾಳ."

"ಎಂಥಾ ಭಾರಾರಿ?"

"ಕಬ್ಬಿಣ್ರಿ. ತಲಿ ಮ್ಯಾಲೆ."

ರತ್ನಾಬಾಯಿ ಗಂಡನ ಮುಖ ನೋಡಿದಳು. ಶಾಂತಲಿಂಗಪ್ಪನವರು ನವಿ ಪೇಠೆಯಲ್ಲಿ ಚಾದರ, ಟವೆಲುಗಳ ವ್ಯಾಪಾರ ಮಾಡುವವರು. ಗಿರಾಕಿಗೆ ಇಲ್ಲವೆನ್ನದ ನಾಲಿಗೆ ಅವರದು. ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು ನಕ್ಕರು. "ಎತ್ಲಿ ಬಿಡ್ರಿ. ನಮ್ಮಲ್ಲಿ ಸೊಸಿ ಅಂದ್ರ ಮಗಳು. ಲಗ್ನ ಆದ ಮ್ಯಾಲೂ ಆಡ್ಲಿ, ನಮ್ಮದೇನ ಅಡ್ಡಿ ಇಲ್ಲ."

ಆ ಮಾತನ್ನು ಕಲ್ಯಾಣಮ್ಮ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಶೀತಲಳೂ ಹಾಕಿಕೊಂಡಳು.

ಶೀತಲಳಿಗೆ ಆ ಆಟ ಹತ್ತಿಸಿದವರು ಅಕ್ಕಲಕೋಟೆಯ ಕಾಲೇಜಿನಲ್ಲಿ ಆಟದ ಮಾಸ್ತರರಾಗಿದ್ದ ಗೊಲ್ಲಾಳಪ್ಪ ಸರ್. ಕಾಲೇಜಿನ ಹಿಂದೆ ತಗಡಿನ ಮಾಡಿನ ಒಂದು ಕೋಣೆ. ನಾಗಣಸೂರಿನಿಂದ ಮೊದಲ ಬಸ್ಸಿಗೆ ಬಂದು ಆಕೆ ಅಲ್ಲಿ ಬೆವರು ಸುರಿಸುತ್ತಿದ್ದಳು. ಹಿಡಿತ ಕಲಿಸುವಾಗ ಸರ್ ಹೇಳುತ್ತಿದ್ದರು: "ಹೆಬ್ಬೆರಳು ಒಳಗ, ಉಳಿದ ಬೆರಳು ಅದರ ಮ್ಯಾಲೆ. ನೋಯ್ತೈತಿ. ನೋವು ಅಂದ್ರ ಹಿಡಿತದ ಬಾಡಿಗಿ, ಕೊಟ್ಟುಬಿಡು." ಭಾರ ತಲೆಯ ಮೇಲೆ ಹೋಗಿ ನಿಂತಾಗ ಕೂಗುತ್ತಿದ್ದರು: "ಇಳಿಸಬ್ಯಾಡ! ಎತ್ತಿದವರೆಲ್ಲಾ ಗೆಲ್ಲೂದಿಲ್ಲ. ಪಂಚರು 'ಇಳಸು' ಅನ್ನೂ ತನಕ ಅಲುಗಾಡದಂಗ ನಿಂತವರು ಗೆಲ್ತಾರ." ಪದವಿಯ ಪುಸ್ತಕದಲ್ಲಿ ಓದಿದ್ದು ಎಷ್ಟೋ ಮರೆತುಹೋಯಿತು. ಇವೆರಡು ಮಾತು ಮಾತ್ರ ಮೈಗಂಟಿ ಉಳಿದವು.

ಲಗ್ನವಾಯಿತು. ನವಿ ಪೇಠೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ರತ್ನಾಬಾಯಿ ಕೆಟ್ಟವಳಲ್ಲ. ದಿನಾ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಅಂಗೈಗೆ ತುಪ್ಪ, ಅರಿಶಿನ ತಿಕ್ಕುತ್ತಿದ್ದಳು. "ಪೇಠದಾಗ ಹೆಂಗಸರು ಕೈ ಹಿಡೀತಾರವಾ, ಚುಚ್ಚಬಾರದು" ಅನ್ನುವಳು. ಜಡ್ಡು ಹಾವಿನ ಪೊರೆಯಂತೆ ಸುಲಿದು ಬಂತು. ಕೆಳಗೆ ಎಳೆಗೂಸಿನಂಥ ಗುಲಾಬಿ ಚರ್ಮ. ಶೀತಲ ಅದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಂಡಳು.

ಆಟದ ಮಾತೆತ್ತಿದರೆ ಯಾರೂ ಬೇಡ ಎನ್ನಲಿಲ್ಲ. "ಶ್ರಾವಣ ಮುಗೀಲಿ" ಎಂದರು. "ದೀಪಾವಳಿ ಗಿರಾಕಿ ಮುಗೀಲಿ" ಎಂದರು. ಆಮೇಲೆ ಮದುವೆಗಳ ಹಂಗಾಮು, ಲಗ್ನಸರಾಯಿ ಬಂತು. ಈ ನಡುವೆ ಅಂಗಡಿಯ ಚಾದರದ ಗಂಟುಗಳು ಮೇಲಿನ ಕೋಣೆಗೆ ಹೋಗಬೇಕಾದರೆ ಹಮಾಲನನ್ನು ಕರೆಯುವುದು ತಂತಾನೇ ನಿಂತುಹೋಗಿತ್ತು. ಶೀತಲ ಸೆರಗು ಸಿಕ್ಕಿಸಿ ಎರಡು ಗಂಟು ಒಮ್ಮೆಗೇ ಎತ್ತುತ್ತಿದ್ದಳು. "ಸೊಸಿ ಗಟ್ಟಿ ಅದಾಳ" ಎಂದು ರತ್ನಾಬಾಯಿ ಬಂದವರ ಮುಂದೆಲ್ಲ ಹೇಳಿಕೊಳ್ಳುವಳು.

ಹೀಗಿರಲು ಗಂಡ ನಿಲೇಶನಿಗೆ ಡಾಕ್ಟರು ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ, ಹೊಟ್ಟೆ ಇಳಿಸು ಎಂದರು. ಗಾದಿಯ ಮೇಲೆ ಕೂತು ಕೂತು ಬೆಳೆದ ಹೊಟ್ಟೆ. ಊರ ಜಿಮ್ಮಿಗೆ ಹೋಗಲು ಅವನಿಗೆ ನಾಚಿಕೆ. ಮಾಳಿಗೆಯ ಖಾಲಿ ಕೋಣೆಯಲ್ಲೇ ಜಿಮ್ ಮಾಡುವುದೆಂದು ಠರಾವಾಯಿತು.

"ನಿನಗ ಗೊತ್ತೈತಲ್ಲ, ನೀನ ಸಾಮಾನು ಆರಿಸು" ಎಂದ ನಿಲೇಶ.

"ಖರೇ ಅಂತೀರೇನ್ರಿ?"

"ಮತ್ತ? ಮನ್ಯಾಗ ಪದಕದಾಕಿ ಇರುವಾಗ ನಾ ಯಾಕ ಮೋಸ ಹೋಗ್ಲಿ?"

ಅಂದಿನಿಂದ ಶೀತಲ ರೊಟ್ಟಿ ಬಡಿಯುವಾಗಲೂ ಮನಸ್ಸಿನಲ್ಲಿ ಆ ಕೋಣೆಯನ್ನೇ ಜೋಡಿಸುತ್ತಿದ್ದಳು. ಸರಪಳಿ, ರಾಟೆಗಳ ದೊಡ್ಡ ಮಶೀನು ಬೇಡ. ನೆಲಕ್ಕೆ ರಬ್ಬರು ಹಾಸು, ಬೀಳಿಸಿದರೂ ಒಡೆಯದ ರಬ್ಬರಿನ ಪ್ಲೇಟುಗಳು, ಒಂದು ಸ್ಟ್ಯಾಂಡು. ಆಮೇಲೆ ಬಾರ್, ಅಂದರೆ ಪ್ಲೇಟು ಪೋಣಿಸುವ ಉಕ್ಕಿನ ಸರಳು. ಗಂಡಸರದು ಇಪ್ಪತ್ತು ಕಿಲೋದ್ದು, ಹಿಡಿಯಲು ದಪ್ಪ. ಹೆಂಗಸರದು ಹದಿನೈದರದು, ತೆಳು. ಪ್ಲೇಟುಗಳು ಎರಡಕ್ಕೂ ಅವೇ ಆಗುತ್ತವೆ. ಅಂದರೆ ಗಂಡನ ಜಿಮ್ಮಿನಲ್ಲಿ ತನ್ನದೆಂದು ಬೇಕಾದದ್ದು ಒಂದೇ ಒಂದು ತೆಳುವಾದ ಸರಳು. ಅದು ಮಾಳಿಗೆ ಏರಿದರೆ ತಾನೂ ಏರಿದಂತೆ. ಯಾರನ್ನೂ ಮತ್ತೆ ಕೇಳಬೇಕಾಗಿಲ್ಲ.

ಸ್ಟೇಶನ್ ಕಡೆಯ ಅಂಗಡಿಗೆ ಮಾವ, ಗಂಡ, ಆಕೆ ಮೂವರೂ ಹೋದರು. ಶಾಂತಲಿಂಗಪ್ಪನವರು ಹೊಳೆಯುವ ದೊಡ್ಡ ಮಶೀನಿನ ಮುಂದೆ ನಿಂತು, "ಇದು ನೋಡಾಕ ಚಲೋ ಐತಿ" ಎಂದರು.

"ನೋಡಾಕ ಅಷ್ಟ ಚಲೋ ಐತ್ರಿ ಮಾಮಾ" ಎಂದಳು ಶೀತಲ. ಅಗ್ಗದ ಪ್ಲೇಟೊಂದನ್ನು ಎತ್ತಿ ಬೆರಳಿನಿಂದ ಬಡಿದು ತೋರಿಸಿದಳು. "ಇದರಾಗ ಸಿಮೆಂಟ್ ತುಂಬ್ಯಾರ. ಬಿದ್ರ ಬಿರೀತೈತಿ." ಗಂಡಸರ ಸರಳೊಂದನ್ನು ನೆಲದ ಮೇಲೆ ಉರುಳಿಸಿ, ಬಗ್ಗಿ ಕಣ್ಣಳತೆ ನೋಡಿದಳು. ಓಲಾಡಲಿಲ್ಲ. ಹಿಡಿಯುವಲ್ಲಿದ್ದ ಸಣ್ಣ ಗೀರುಗಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿದಳು. "ಇದು ಬಾಗೂದಿಲ್ರಿ. ಜನ್ಮದಾಗ ತಿರುಗಿ ನೋಡೂದು ಬ್ಯಾಡ."

ಮಾವನ ಕಣ್ಣು ಅರಳಿತು. ಚಾದರದ ನೂಲನ್ನು ಅವರು ಪರೀಕ್ಷಿಸುವುದೂ ಹಾಗೆಯೇ, ಅದೇ ಎರಡು ಬೆರಳಿನ ನಡುವೆ. "ಬರೋಬರ್! ಮಾಲು ಹಿಂಗ ನೋಡಬೇಕು. ಕಲಿ ನಿಲೇಶಾ, ಕಲಿ."

ಆಕೆ ಇನ್ನು ಬಾಯಿ ತೆರೆದು ತನ್ನದನ್ನು ಕೇಳಬೇಕು, ಅಷ್ಟರಲ್ಲಿ ಒಳಗಿನಿಂದ ಅಂಗಡಿಯ ಮಾಲಕ ಬಂದ. ಅಮೋಲ. ಅವನೂ ಅಕ್ಕಲಕೋಟೆಯವನು, ಗೊಲ್ಲಾಳಪ್ಪ ಸರ್ ಕೈಯಲ್ಲೇ ಪಳಗಿದವನು.

"ಅರೇ ಶೀತಲಕ್ಕಾ! ನೀ ಇಲ್ಲಿ?" ಸಂತೋಷಕ್ಕೆ ಅವನ ದನಿ ಅಂಗಡಿ ತುಂಬ ಮೊಳಗಿತು. "ಮಾಮಾ, ನಿಮ್ಮ ಸೊಸಿ ಅಂದ್ರ ನಮಗೆಲ್ಲಾ ಪಾಠ ಇದ್ದಂಗ್ರಿ. ಇಕಿಗೆ ಈ ದಪ್ಪಂದು ಯಾಕ ಕೊಡಸ್ತೀರಿ? ಇಕಿಗೆ ಲೇಡೀಸ್ ಬಾರ್ ಬೇಕು, ಲೇಡೀಸ್ ಬಾರ್!"

ಮಹಾರಾಷ್ಟ್ರದಲ್ಲಿ ಆ ಎರಡು ಮಾತು ಕೂಡಿದರೆ ಅರ್ಥವೇ ಬೇರೆ. ಹೆಂಗಸರು ಗ್ಲಾಸು ತುಂಬಿಕೊಡುವ, ಕುಣಿಯುವ, ಗಂಡಸರು ನೋಟು ತೂರುವ ಜಾಗಕ್ಕೆ ಹಾಗೆನ್ನುತ್ತಾರೆ. ಓಡುವ ಮಶೀನು ನೋಡುತ್ತಿದ್ದ ದಪ್ಪ ಮನುಷ್ಯನೊಬ್ಬ ಹೊರಳಿದ. ನೂಲಿನ ವ್ಯಾಪಾರಿ, ಮಾವನ ಪರಿಚಯದವನು.

"ಕಾಯ್ ರಾವ್ ಶಾಂತಲಿಂಗಪ್ಪಾ! ಚಾದರದ ಧಂಧೆ ಬಿಟ್ಟು ಮನ್ಯಾಗ ಲೇಡೀಸ್ ಬಾರ್ ತಗೀಲಿಕತ್ತೀಯೇನು? ಓಪನಿಂಗಿಗೆ ನಮಗೂ ಕರಿಯಪ್ಪಾ!"

ಅಂಗಡಿಯೆಲ್ಲ ಗೊಳ್ಳೆಂದಿತು. ಅಮೋಲ ನಾಲಿಗೆ ಕಚ್ಚಿಕೊಂಡು, "ಅಲ್ರಿ, ಹಂಗಲ್ಲ, ಹೆಂಗಸರು ಹಿಡಿಯೂದು..." ಎನ್ನಹೋದ. ನಗು ಇನ್ನೂ ಜೋರಾಯಿತು. ಶೀತಲ ಗಂಡನ ಕಡೆ ನೋಡಿದಳು. ನಿಲೇಶ ಮೊದಲು ಅಪ್ಪನ ಮುಖ ನೋಡಿದ, ಆಮೇಲೆ ನೂಲಿನ ವ್ಯಾಪಾರಿಯ ಮುಖ ನೋಡಿದ. ಕೊನೆಗೆ ತಾನೂ ನಕ್ಕ.

ಶಾಂತಲಿಂಗಪ್ಪನವರು ಮಾತ್ರ ನಗಲಿಲ್ಲ. "ಒಂದ ಸಾಕು" ಎಂದರು. "ದಪ್ಪಂದ ಕಟ್ಟು."

ಮನೆಗೆ ಬಂದ ಮೇಲೆ ಶೀತಲ ಅಂಜುತ್ತಲೇ ಕೇಳಿದಳು. "ಮಾಮಾ, ಲಗ್ನದ ಮುಂದ ನೀವ ಅಂದಿದ್ರಿ..."

"ಅಂದಿದ್ದೆ. ಈಗೂ ಇಲ್ಲ ಅನ್ನೂದಿಲ್ಲ. ಆಟಕ್ಕ ನಂದೇನೂ ಅಡ್ಡಿ ಇಲ್ಲವಾ. ಆದ್ರ ಹೆಸರು ನೋಡು, ಹೆಸರು!"

"ಹೆಸರು ಬ್ಯಾರೆ ಇಟ್ಟರಾತಲ್ರಿ."

"ಪೇಠದವರು ಇಟ್ಟ ಹೆಸರು ನಾವು ತಗ್ಯಾಕ ಬರ್ತೈತೇನು?"

ಅವರು ಹೇಳಿದ್ದು ಸುಳ್ಳಲ್ಲ. ಮಾತು ಅವರಿಗಿಂತ ಮೊದಲೇ ಪೇಠೆ ಮುಟ್ಟಿತ್ತು. ಎದುರಿನ ಅಂಗಡಿಯವನು ಸಂಜೆ, "ಶೇಠ, ಎಷ್ಟು ಗಂಟೆಗೆ ತೆರೀತದ?" ಎಂದು ಕೂಗಿ ಕೇಳಿದ.

ಸಾಮಾನು ಟೆಂಪೋದಲ್ಲಿ ಬಂತು. ಮೆಟ್ಟಿಲು ಇಕ್ಕಟ್ಟು. ಹಮಾಲರು, ಇದು ನಮ್ಮಿಂದಾಗದು ಎಂದು ಬಾಗಿಲಲ್ಲೇ ಇಳಿಸಿ ಹೋದರು. ನಿಲೇಶ, ಅವನ ಗೆಳೆಯ ಆಕಾಶ ಇಬ್ಬರೂ ಕೂಡಿ ಒಂದು ಪ್ಲೇಟು ಹೊತ್ತು, ಮೊದಲ ತಿರುವಿನಲ್ಲೇ ಕೂತು ಏದುಸಿರು ಬಿಟ್ಟರು. ಶಾಂತಲಿಂಗಪ್ಪನವರು ಸೊಸೆಯ ಕಡೆ ನೋಡಿದರು. ರತ್ನಾಬಾಯಿ ಹೋಗಿ ಬೀದಿಯ ಬಾಗಿಲು ಹಾಕಿ ಬಂದಳು.

"ಈಗ ಯಾರೂ ನೋಡೂದಿಲ್ಲ. ಎತ್ತವಾ."

ಶೀತಲ ಎಲ್ಲವನ್ನೂ ಒಬ್ಬಳೇ ಮಾಳಿಗೆಗೆ ಏರಿಸಿದಳು. ಕೋಣೆಯನ್ನು ತಾನು ಮನಸ್ಸಿನಲ್ಲಿ ಜೋಡಿಸಿದ ಹಾಗೆಯೇ ಜೋಡಿಸಿಕೊಟ್ಟಳು. ಆಮೇಲೆ ಕೆಳಗಿಳಿದು ಗಂಡನಿಗೆ, ಅವನ ಗೆಳೆಯನಿಗೆ ಬಾದಾಮಿ ಹಾಲು ಕಾಸಿದಳು.

ಒಂದು ಮಧ್ಯಾಹ್ನ ಕಸ ಗುಡಿಸಲೆಂದು ಹೋದವಳು ಕಸಬರಿಗೆ ಗೋಡೆಗೆ ಒರಗಿಸಿ ಬಾರ್ ಹಿಡಿದಳು. ಹೆಬ್ಬೆರಳು ಒಳಗೆ ಹೋಯಿತು, ಬೆರಳು ಅದರ ಮೇಲೆ ಕೂರಲಿಲ್ಲ. ದಪ್ಪ. ಹಟ ಹಿಡಿದು ಎಳೆದಳು. ಸರಳು ಮೇಲೆ ಬಂತು, ತುಪ್ಪ ತಿಕ್ಕಿ ಮೆತ್ತಗಾದ ಚರ್ಮ ಮಾತ್ರ ಕಿತ್ತು ಬಂತು. ರಾತ್ರಿ ಹಿಟ್ಟು ನಾದುವಾಗ ರತ್ನಾಬಾಯಿ ಆ ಕೈ ನೋಡಿದಳು. ಬೈಯಲಿಲ್ಲ. "ಚಾದರಕ್ಕ ರಕ್ತ ಹತ್ತಿದ್ರ ಗಿರಾಕಿ ಏನಂದಾರು?" ಎಂದಳು. ಮರುದಿನದಿಂದ ಮಾಳಿಗೆಯ ಕೋಣೆಯ ಕೀಲಿಕೈ ರತ್ನಾಬಾಯಿಯ ಸೊಂಟಕ್ಕೆ ಬಂತು.

ನಿಲೇಶನಿಗೆ ಬೇಗ ಬೇಸರವಾಯಿತು. ಮೊದಲು ಬೆನ್ನು ನೋವೆಂದ, ಆಮೇಲೆ ಸೆಖೆಯೆಂದ. ಬೀಗ ತೆಗೆಯುವವರೇ ಇಲ್ಲವಾದರು.

ಮತ್ತೆ ದೀಪಾವಳಿ ಬಂತು. ಅಂಗಡಿಯೊಳಗೆ, ಶಟರಿನ ಹಿಂದೆಯೇ ದೊಡ್ಡ ಚಾದರಗಳನ್ನು ತೂಗುಹಾಕುತ್ತಿದ್ದ ಹಳೆಯ ಪೈಪು ಬಾಗಿ ಜೋತುಬಿದ್ದಿತ್ತು. ಶಾಂತಲಿಂಗಪ್ಪನವರು ಅದನ್ನು ನೋಡುತ್ತ ನಿಂತವರು ಸೊಸೆಯನ್ನು ಕರೆದರು.

"ಮ್ಯಾಲೆ ಸುಮ್ಮನ ಬಿದ್ದೈತಲ್ಲ, ಅದನ್ನ ತಾ. ನೀನ ಅಂದಿದ್ದಿ, ಅದು ಬಾಗೂದಿಲ್ಲಂತ."

ಸೊಸೆ ಬೀದಿಗೆ ಕಾಣಬಾರದೆಂದು ಶಟರು ಅರ್ಧ ಇಳಿಸಿದರು. ನಿಲೇಶ ಸ್ಟೂಲು ಹತ್ತಿ ಮೇಲಿನ ಕೊಂಡಿಗೆ ಹಗ್ಗ ಕಟ್ಟತೊಡಗಿದ. ಶೀತಲ ಬಾರನ್ನು ಎದೆಗೆ ತಂದು, ಅಲ್ಲಿಂದ ತಲೆಯ ಮೇಲೆ ಎತ್ತಿ ತೋಳು ನೆಟ್ಟಗೆ ಮಾಡಿ ನಿಂತಳು.

"ಹಂಗ ಹಿಡಿ. ಚಾದರ ಹಾಕಿ ನೋಡೂಣು, ನೆಲಕ್ಕ ಹತ್ತತಾವೇನು" ಎಂದರು ಮಾವ. ಎಡಕ್ಕೊಂದು, ಬಲಕ್ಕೊಂದು ಚಾದರ ಹೊದಿಸಿದರು. ಮತ್ತೊಂದು ಜೊತೆ ಹೊದಿಸಿದರು. ನಿಲೇಶನ ಫೋನು ರಿಂಗಾಯಿತು. ಗಿರಾಕಿಯದು. ಹಗ್ಗ ಬಿಟ್ಟು ಮಾತಾಡತೊಡಗಿದ.

ಇದರ ಮೂರು ಪಟ್ಟು ಭಾರವನ್ನು ಕಂಬದಂತೆ ನಿಂತು ಹಿಡಿದ ತೋಳುಗಳು ಈಗ ಮೊಣಕೈಯ ಹತ್ತಿರ ಸಣ್ಣಗೆ ನಡುಗತೊಡಗಿದವು. ಚಾದರದ ಜೋಲುಗಳ ನಡುವೆ ಆಕೆಗೆ ಬೀದಿ ಕಾಣುತ್ತಿರಲಿಲ್ಲ, ಮಾವನ ಮುಖವೂ ಕಾಣುತ್ತಿರಲಿಲ್ಲ.

"ಮಾಮಾ, ಇಳಸ್ಲೇನ್ರಿ?"

"ಇಳಸಬ್ಯಾಡ" ಎಂದರು ಶಾಂತಲಿಂಗಪ್ಪನವರು, ಇನ್ನೊಂದು ಚಾದರದ ಮಡಿಕೆ ಬಿಚ್ಚುತ್ತ. "ಇನ್ನಾ ಸ್ವಲ್ಪ ಮ್ಯಾಲೆ."

ಶೀತಲ ಹೆಬ್ಬೆರಳನ್ನು ಒಳಗೆ ತಳ್ಳಿ, ಇನ್ನೂ ಸ್ವಲ್ಪ ಮೇಲೆತ್ತಿದಳು.