ನಾಲಿಗೆ ಮುಟ್ಟದ ಅಡುಗೆಯ ಕರಿಯಕ್ಕ

ಚಳ್ಳಕೆರೆಯಲ್ಲಿ ಕೋಳಿ ಕೂಗುವುದು ಬೆಳಕು ನೋಡಿ ಅಲ್ಲ, ಕರಿಯಕ್ಕನ ಮಿಕ್ಸಿ ಕೇಳಿ. ನಂಬದವರು ಬೆಳಗಿನ ಜಾವ ಅವರು ಕೆಲಸ ಮಾಡುವ ನರ್ಸಿಂಗ್ ಹೋಮಿನ ಹಿಂಬಾಗಿಲಿಗೆ ಬಂದು ನಿಲ್ಲಲಿ. ಒಳಗೆ ಕುದಿಸಿ ಆರಿಸಿದ ನೀರು, ಡಬ್ಬಿಯ ಪುಡಿ, ಸೋಸುವ ಜರಡಿ, ಜೊತೆಗೆ ಮದವೇರಿದ ಆನೆಯನ್ನೂ ಗದರಿಸಿ ಕೂರಿಸಬಲ್ಲ ಕೊಂಡ್ಲಹಳ್ಳಿಯ ಕರಿಯಕ್ಕ. ಐಸಿಯುವಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದವರ ಮೂಗಿನ ನಳಿಕೆಗೆ ಇಳಿಯುವ ಊಟ ದಿನಕ್ಕೆ ಆರು ಸಲ ಸಿದ್ಧವಾಗುವುದು ಇವರ ಕೈಯಲ್ಲೇ.

ಮೊದಲು ಇವರು ಮದುವೆಮನೆಗಳ ಅಡುಗೆಯವರು. ಇವರ ಸಾರಿನ ಘಮಕ್ಕೆ ಅವರೂರ ಕಡೆಯ ಬ್ರಹ್ಮಗಿರಿ ಬೆಟ್ಟದ ಬಂಡೆಗಳೂ ಎದ್ದು ಬಂದು ಪಂಕ್ತಿಯಲ್ಲಿ ಕೂರುತ್ತಿದ್ದವು. ಸೌದೆಯ ಹೊಗೆ ಎದೆಗೆ ಆಗದೆ ಇಲ್ಲಿಗೆ ಸೇರಿದರು. "ಅನ್ನ ಅಂದ್ರೆ ಬಾಯಿಗೆ. ಮೂಗಿಗೆ ಹಾಕೋ ಇದು ಊಟನೋ ಮದ್ದೋ, ಇವತ್ತಿಗೂ ನಂಗೆ ಗೊತ್ತಾಗಿಲ್ಲ ನೋಡ್ರಿ."

ಈ ವಾರ ಆ ಗೊಂದಲ ಬೆಟ್ಟದಷ್ಟು ಬೆಳೆದಿದೆ. ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಜಂಬುಲಿಂಗಪ್ಪ ಬೈಕಿನಿಂದ ಬಿದ್ದು ಇಲ್ಲಿ ಮಲಗಿದ್ದಾರೆ. ಗಾಯ ದೊಡ್ಡದು, ನಂಜೇರುವ ಭಯ. ಡಾಕ್ಟರ್ ಸಿದ್ದಲಿಂಗೇಶ್, ಸೋಂಕಿನ ವಿರುದ್ಧ ಮೈಗೆ ಬಲ ಕೊಡಲೆಂದು ಬೇರೆ ಪುಡಿ ಬರೆದಿದ್ದಾರೆ. ಅದರಲ್ಲಿ ಮೀನೆಣ್ಣೆ ಇದೆ; ಔಷಧಕ್ಕೆ ಯಾರು ಮಡಿ ನೋಡುತ್ತಾರೆಂದು ಮನೆಯವರಿಗೆ ಹೇಳಿಲ್ಲ. ಜಂಬುಲಿಂಗಪ್ಪನವರೋ ಲಿಂಗ ಧರಿಸಿದವರು, ಮೊಟ್ಟೆ ಅಂಗಡಿಯಿರುವ ಬೀದಿಯನ್ನೂ ತುಳಿಯದವರು. ಬಾಗಿಲಲ್ಲಿ ಕಾದು ಕೂತ ಅವರ ಹೆಂಡತಿ ಸರ್ವಮಂಗಳಮ್ಮನ ಮೂಗು ಮೂರು ಊರಾಚೆಯ ಒಗ್ಗರಣೆಯನ್ನು ಪತ್ತೆ ಹಚ್ಚುವಂಥದ್ದು.

ಹೇಳಿದರೆ ಆಕೆ ಬೇಡವೆಂದಾರು. ಹೇಳದಿದ್ದರೆ ಮೋಸ. ಎರಡು ದಿನ ಹಾಗೇ ಕಲಸಿಕೊಟ್ಟ ಕರಿಯಕ್ಕ ಮೂರನೆಯ ದಿನ ಮದುವೆಮನೆಯ ಬುದ್ಧಿ ಓಡಿಸುತ್ತಾರೆ. ವಾಸನೆ ಮುಚ್ಚಲು, ಅರ್ಧ ಊರಿನ ಪಾಯಸಕ್ಕಾಗುವಷ್ಟು ಏಲಕ್ಕಿ ಅರೆದು ಬೆರೆಸುತ್ತಾರೆ. ಜರಡಿ ದಾಟಿದ ತರಿ ನಳಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ.

"ಏನು ಹಾಕಿದ್ರಿ ಅಕ್ಕಾ? ಕಟ್ಕಂಡೈತೆ! ಬೀಗರೂಟಕ್ಕೆ ಮಾಡಿದ್ರಾ?" ನರ್ಸ್ ಶಿಲ್ಪಾ ಕೂಗುತ್ತಾಳೆ. ಹೊಸ ನಳಿಕೆ ಇಳಿಸುವಷ್ಟರಲ್ಲಿ ರೋಗಿಯ ಒಂದು ಹೊತ್ತಿನ ಊಟ ತಪ್ಪುತ್ತದೆ. ಕರಿಯಕ್ಕ ನೇರ ಹೋಗಿ ಸರ್ವಮಂಗಳಮ್ಮನ ಮುಂದೆ ಕುಕ್ಕರಿಸುತ್ತಾರೆ.

"ಅವ್ವಾ, ಆ ಪುಡೀಲಿ ಮೀನೆಣ್ಣೆ ಐತೆ. ನಿಮ್ಗೆ ವಾಸನೆ ಬಡೀಬಾರ್ದು ಅಂತ ಏಲಕ್ಕಿ ಹಾಕ್ದೆ. ತಪ್ಪಾತು."

ಸರ್ವಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಮೊನ್ನೆನೇ ಬಡಿದೈತೆ ಕಣವ್ವ. ಗೊತ್ತಿಲ್ಲದೋಳಂಗೆ ಕೂತಿದ್ದೆ." ಶಿಲ್ಪಾಳ ಕೂಗಿಗೆ ಓಡಿಬಂದಿದ್ದ ಡಾಕ್ಟರ ಕಡೆ ತಿರುಗುತ್ತಾರೆ. "ಇದ್ರಿಂದ ಉಳೀತಾರಾ ಸಾರ್?"

"ಕೆಲವರಿಗೆ ಒಳ್ಳೇದಾಗುತ್ತೆ, ಕೆಲವರಿಗೆ ಅಷ್ಟೇನಿಲ್ಲ. ಮೊದ್ಲೇ ಕೇಳಬೇಕಿತ್ತು ನಾನು. ಮೀನೆಣ್ಣೆ ಇಲ್ಲದ ಪುಡೀನೂ ಇದೆ, ನೀವು ಹೇಳಿ."

"ಇದು ಊಟನೋ, ಮದ್ದೋ?" ಸರ್ವಮಂಗಳಮ್ಮನೂ ಅದನ್ನೇ ಕೇಳುತ್ತಾರೆ.

"ಎರಡೂ, ಅಮ್ಮ."

ಈ ಉತ್ತರಕ್ಕೆ ಇಡೀ ತಾಲ್ಲೂಕೇ ತಲೆ ಕೆರೆದುಕೊಳ್ಳುತ್ತದೆ. ಸರ್ವಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಲ್ಲುತ್ತಾರೆ.

"ಅದನ್ನೇ ಹಾಕ್ರಿ. ಎದ್ದ ಮ್ಯಾಲೆ ನಾನೇ ಹೇಳ್ತೀನಿ, ಬೈದ್ರೆ ಬೈಸ್ಕಂತೀನಿ. ಬೈಯೋಕಾದ್ರೂ ಏಳ್ಲಿ."

ಮತ್ತೆ ಮಿಕ್ಸಿ ತಿರುಗುತ್ತದೆ. ಹೊಸ ನಳಿಕೆಯಲ್ಲಿ ಊಟ ನಿಧಾನಕ್ಕೆ ಇಳಿಯುವುದನ್ನು ಕರಿಯಕ್ಕ ಬಾಗಿಲ ಗಾಜಿನಿಂದ ನೋಡುತ್ತಾ ನಿಲ್ಲುತ್ತಾರೆ. ಮಾಡಿದ್ದು ಸರಿಯೋ ತಪ್ಪೋ ಅವರಿಗಿನ್ನೂ ತಿಳಿದಿಲ್ಲ.

"ಅವ್ರು ಎದ್ದು ಬೈಯೋ ದಿನ ಆಯಮ್ಮನ ಪಕ್ಕ ನಾನೂ ನಿಂತ್ಕಬೇಕು ಕಣ್ರಿ," ಎನ್ನುತ್ತಾರೆ. "ಅರ್ಧ ಬೈಗುಳ ನನ್ನ ಪಾಲಿಂದು."