ಕೊನೆಯ ಪುಟದಿಂದ ಓದುತ್ತಿದ್ದವರು

ನಮ್ಮೂರ ಡಾಕ್ಟರ್ ಸಾಹೇಬರ ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ನಾಲ್ಕು ಹಲ್ಲಿನ ಗುರುತುಗಳಿದ್ದವು. ಗಾಯ ಎಂದೋ ಮಾಯ್ದು ಬೆಳ್ಳಗೆ ಗಂಟು ಕಟ್ಟಿತ್ತು. ಎದುರಿಗೆ ಕೂತವರು ಅದನ್ನೇ ನೋಡುತ್ತಿದ್ದರೆ ಕೈ ಮುಂದೆ ಚಾಚಿ, "ಐಜ ಊರಿನ ಗೌಡ್ರು ಕಡಿದದ್ದು. ತಪ್ಪು ಅವರದಲ್ಲ. ಹೇಳದ ಕೇಳದ ಅವರ ಬಾಯಾಗ ಬೆರಳು ಹಾಕಿದ್ದೆ" ಎನ್ನುತ್ತಿದ್ದರು.

ಅವರು ನಾರಾಯಣಪೇಟೆಯ ಸರಕಾರಿ ದವಾಖಾನೆಗೆ ಬಂದದ್ದು ನಿಜಾಮರ ರಾಜ್ಯದ ಕೊನೆಯ ವರ್ಷಗಳಲ್ಲಿ. ಹುಟ್ಟಿದ್ದು ಗದ್ವಾಲದಲ್ಲಿ, ನಮ್ಮೂರಿಗೆ ಬರುವ ಮೊದಲು ನೌಕರಿ ಮಾಡಿದ್ದು ಮಕ್ತಲದಲ್ಲಿ. ಮನೆಯಲ್ಲಿ ದಖನಿ ಉರ್ದು, ನಮ್ಮೊಂದಿಗೆ ಕನ್ನಡ, ಮಾನೋಪಾಡಿನ ಕಡೆಯವರು ಬಂದರೆ ತೆಲುಗು. ಮೂರರಲ್ಲಿ ಯಾವುದನ್ನು ಆಡಿದರೂ ಒಂದು ರೂಢಿ ಬಿಡುತ್ತಿರಲಿಲ್ಲ: ಯಾವ ಮಾತು ಯಾರಿಂದ ಬಂತೋ ಅವರ ಹೆಸರು ಹೇಳಿಯೇ ತೀರಬೇಕು. "ಹುಣಸಿ ಚಿಗುರು ಹಾಕಿದ ಬ್ಯಾಳಿ ಪಿತ್ತಕ್ಕ ಒಳ್ಳೇದು. ಇದು ನನ್ನ ಮಾತಲ್ಲ, ಮಕ್ತಲದ ಪೋಸ್ಟ್‌ಮನ್ ಹೆಂಡ್ತಿ ಹೇಳಿದ್ದು." "ಇವತ್ತು ಸಂಜಿಗೆ ಗಾಳಿ ಬಿಡ್ತೈತಿ. ನಮ್ಮ ಕಂಪೌಂಡರ್ ಅಂದ." ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ನಾನು ಅವರನ್ನು ಹತ್ತಿರದಿಂದ ಕಂಡದ್ದು ಅವ್ವನ ಕಾರಣದಿಂದ. ಅವ್ವನ ಹೆಸರು ನಿಂಗಮ್ಮ. ಅಪ್ಪ ನನಗೆ ಬುದ್ಧಿ ಬರುವ ಮೊದಲೇ ತೀರಿಕೊಂಡಿದ್ದರು. ಸೀರೆ ನೇಯುವವರ ಮನೆಗಳಿಗೆ ಅವ್ವ ನೂಲು ಸುತ್ತಿಕೊಡುತ್ತಿದ್ದಳು. ರಾಟಿಯ ಮುಂದೆ ಕೂತಳೆಂದರೆ ಎಡಗಲ್ಲದಲ್ಲಿ ತಂಬಾಕು ಸುಣ್ಣದ ಉಂಡೆ ಇರಲೇಬೇಕು. ಊಟಕ್ಕೆ ಏಳುವಾಗಲೇ ಅದು ಹೊರಗೆ ಬರುವುದು. ನಾನು ಉರ್ದುವಿನಲ್ಲಿ ಮಿಡಲ್ ಪಾಸಾಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಅವ್ವ ಚಟ್ನಿ ಬಿಟ್ಟು ಬರೀ ಮಜ್ಜಿಗೆ ಅನ್ನ ಉಣ್ಣತೊಡಗಿದಾಗ ಒತ್ತಾಯ ಮಾಡಿ ದವಾಖಾನೆಗೆ ಕರೆದುಕೊಂಡು ಹೋದೆ.

ಸಾಹೇಬರು ಕೈ ತೊಳೆದು, "ಬೆರಳು ಹಾಕ್ಲೇನಮ್ಮ?" ಎಂದು ಕೇಳಿದರು. ಅವ್ವ ತಲೆಯಾಡಿಸಿದಳು. ಬಹಳ ಹೊತ್ತು ಗಲ್ಲದ ಒಳಗೆ ಸವರಿ ನೋಡಿದರು. "ಎಷ್ಟು ದಿನ ಆತು?"

"ದೀಪಾವಳಿ ಹಿಡದು ಖಾರ ತಿಂದ್ರ ಉರೀತೈತ್ರಿ" ಎಂದಳು ಅವ್ವ. ಆಮೇಲೆ, ಕೇಳದಿದ್ದರೂ, "ನನಗೊಬ್ಬಾಕಿಗೇ ಅಲ್ರಿ. ನಮ್ಮ ಓಣ್ಯಾಗ ಇನ್ನೂ ಮಂದಿಗೈತಿ. ಎಡಕ್ಕ ತಂಬಾಕ ಇಟ್ಟೋರಿಗೆ ಎಡಕ್ಕ ಹುಣ್ಣು, ಬಲಕ್ಕ ಇಟ್ಟೋರಿಗೆ ಬಲಕ್ಕ. ಅದೂ ಮೊದ್ಲಿಗೇ ಹುಣ್ಣಲ್ರಿ. ಮೊದ್ಲು ಹಾಲಿನ ಕೆನಿ ಹತ್ತಿದಂಗ ಬೆಳ್ಳಗ ಆಗ್ತೈತಿ. ಆಗ ನೋವಿರಾಂಗಿಲ್ಲ. ಹುಣ್ಣು ಆಮ್ಯಾಲೆ. ನಾ ನೋಡ್ಕೊಂತ ಬಂದೀನಿ" ಎಂದಳು.

ಸಾಹೇಬರು ಚೀಟಿ ಬರೆಯುವುದನ್ನು ನಿಲ್ಲಿಸಿದರು. "ಇನ್ನೊಮ್ಮೆ ಹೇಳ್ರಿ" ಎಂದರು. ಅವ್ವ ಇನ್ನೊಮ್ಮೆ ಹೇಳಿದಳು. ಅವರು ಹೊಸದೊಂದು ದಪ್ಪ ಪುಸ್ತಕ ತರಿಸಿ, ಅವಳ ಹೆಸರು ಕೇಳಿ ಮೊದಲ ಪುಟದ ನೆತ್ತಿಯ ಮೇಲೆ ಬರೆದುಕೊಂಡರು.

ಅಂದಿನಿಂದ ಅವರಿಗೆ ಅದೇ ಧ್ಯಾಸ. ತಲೆನೋವೆಂದು ಬಂದವರೂ ಗಲ್ಲ ತೋರಿಸಬೇಕಿತ್ತು. ರಜೆಗೆ ಗದ್ವಾಲಕ್ಕೆ ಹೋದರೆ ಮದುವೆ ಮನೆಯ ಮುದುಕರನ್ನು ಬೆಳಕಿಗೆ ಕೂಡಿಸಿ ಬಾಯಿ ತೆರೆಸುತ್ತಿದ್ದರಂತೆ. ಪುಸ್ತಕದಲ್ಲಿ ಉರ್ದುವಿನಲ್ಲಿ ಹೆಸರು, ಊರು, ಆಮೇಲೆ ತಂಬಾಕು ಇಡುವ ಮಗ್ಗುಲು, ಹುಣ್ಣಿನ ಮಗ್ಗುಲು: ದಾಯಾ ಅಂದರೆ ಬಲ, ಬಾಯಾ ಅಂದರೆ ಎಡ. ತೀರಿಕೊಂಡವರ ಹೆಸರಿನ ಮುಂದೆ ಒಂದು ಅಡ್ಡಗೀಟಿನ ಗುರುತು.

ಅವ್ವನಿಗೆ ಅವರು ಮುಚ್ಚುಮರೆ ಮಾಡಲಿಲ್ಲ, ಇದು ಕ್ಯಾನ್ಸರ್ ಎಂದೇ ಹೇಳಿದರು. "ತಂಬಾಕ ಇವತ್ತೇ ಬಿಡ್ರಿ. ಹೈದರಾಬಾದಿಗೆ ಹೋಗಿ ತೋರಿಸ್ರಿ" ಎಂದರು. ಅವ್ವ ತಂಬಾಕು ಬಿಟ್ಟಳು. ಹೈದರಾಬಾದಿಗೆ ನಡಿ ಎಂದಾಗಲೆಲ್ಲ, "ಈ ಸೀರಿ ನೂಲು ಮುಗೀಲಿ" ಎಂದಳು.

ಅವರ ಮನೆಗೆ ವಿಲಾಯತಿಯಿಂದ ವೈದ್ಯರ ಪತ್ರಿಕೆಗಳು ಬರುತ್ತಿದ್ದವು. ಹಡಗಿನಲ್ಲಿ ಮುಂಬಯಿ, ಅಲ್ಲಿಂದ ರೈಲಿನಲ್ಲಿ ನಾರಾಯಣಪೇಟೆ ರೋಡ್ ಸ್ಟೇಷನ್ನು. ತಿಂಗಳುಗಟ್ಟಲೆ ತಡವಾಗಿ ಬಂದರೂ ಅವರು ಅವನ್ನು ಹೊಸ ಅಳಿಯ ಬಂದಂತೆ ಬರಮಾಡಿಕೊಳ್ಳುತ್ತಿದ್ದರು. ಅವ್ವನಿಗೆ ಮುಲಾಮು ತರಲು ಹೋದಾಗ ಒಮ್ಮೆ ನೋಡಿದೆ: ಪತ್ರಿಕೆಯನ್ನು ಹಿಂದಿನಿಂದ ಓದುತ್ತಿದ್ದರು. ಉರ್ದು ಪುಸ್ತಕದಂತೆ ತಿಳಿದುಕೊಂಡಿದ್ದಾರೇನೋ ಎಂದು ನನಗೆ ನಗು ಬಂತು.

"ಇಲ್ಲಿ ನೋಡು ಬೇಟಾ" ಎಂದು ಲೇಖನದ ಕೊನೆಯ ಸಣ್ಣಕ್ಷರ ತೋರಿಸಿದರು. "ಬರದವ ಯಾರ್ಯಾರ ಮಾತು ಕೇಳ್ಯಾನ, ಯಾರ್ಯಾರದು ಓದ್ಯಾನ, ಎಲ್ಲಾ ಇಲ್ಲಿ ಹೇಳಿರ್ತಾನ. ಮೊದ್ಲು ಇದನ್ನ ಓದಬೇಕು. ಆಗ ಮನಿಶ್ಯಾ ಎಂಥಾವ ಅಂತ ತಿಳೀತೈತಿ."

ಇನ್ನೊಂದು ನೋಟ್‌ಬುಕ್ಕಿನಲ್ಲಿ, ಕ್ಯಾನ್ಸರಿನ ಬಗ್ಗೆ ಯಾರು ಬರೆದದ್ದನ್ನು ಯಾರು ತಮ್ಮ ಲೇಖನದಲ್ಲಿ ಎತ್ತಿಕೊಂಡರು ಎಂಬುದನ್ನು ವರ್ಷವಾರು ಬರೆದಿಡುತ್ತಿದ್ದರು. ಅದನ್ನು ಓದಲೆಂದೇ ನಾನು ಅವರಿಂದ ಇಂಗ್ಲಿಷ್ ಅಕ್ಷರ ಕಲಿತೆ. ಒಂದು ದಿನ ನೋಟ್‌ಬುಕ್ ಮುಚ್ಚಿ ಹೇಳಿದರು: "ಅವೇ ನಾಕು ಊರಿನ ಹೆಸರು ತಿರುಗಿ ತಿರುಗಿ ಬರ್ತಾವು. ಅವ್ರು ಇವ್ರನ್ನ ಓದ್ತಾರ, ಇವ್ರು ಅವ್ರನ್ನ ಓದ್ತಾರ. ನಮ್ಮ ಕಡಿ ಗಲ್ಲದ ಹುಣ್ಣಿನ ಸುದ್ದಿ ಎಲ್ಲೋ ಒಂದೊಂದು. ಅದನ್ನ ಯಾರೂ ಎತ್ತಿಕೊಳ್ಳಾಂಗಿಲ್ಲ."

ಆಮೇಲೆ ಗಲಾಟೆಯ ದಿನಗಳು ಬಂದವು. ನಿಜಾಮರ ಪರ ನಿಂತಿದ್ದ ರಜಾಕಾರರ ಹೆದರಿಕೆಗೆ ಎಷ್ಟೋ ಮಂದಿ ಊರು ಬಿಟ್ಟರು. ಟಪಾಲು ನಿಂತಿತು, ಔಷಧಿ ಬರುವುದೂ ನಿಂತಿತು. ಸಾಹೇಬರು ಉಪ್ಪುನೀರಿನಲ್ಲಿ ಗಾಯ ತೊಳೆದು ದವಾಖಾನೆ ನಡೆಸಿದರು. ಭಾದ್ರಪದದಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು. ಕೆಲವೇ ದಿನಗಳಲ್ಲಿ ನಿಜಾಮರ ಸರಕಾರ ಮುಗಿಯಿತು. ಆಗ ಹೆದರಿಕೆ ಇನ್ನೊಂದು ಕಡೆಯವರದು, ಮುಸಲ್ಮಾನರದಾಯಿತು. ಸಾಹೇಬರ ತಮ್ಮನೊಬ್ಬ ಊರು ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಆ ವಿಷಯ ಅವರು ನಮ್ಮ ಮುಂದೆ ಒಮ್ಮೆಯೂ ಆಡಲಿಲ್ಲ.

ಹೊಸದಾಗಿ ಬಂದ ಅಧಿಕಾರಿಯೊಬ್ಬರು ಸರಕಾರಿ ಕಟ್ಟಡಗಳನ್ನೆಲ್ಲ ಶೋಧ ಮಾಡಿಸಿದರು. ದವಾಖಾನೆಯಲ್ಲಿ ಆ ದಪ್ಪ ಪುಸ್ತಕ ಸಿಕ್ಕಿತು. ನಾರಾಯಣಪೇಟೆ, ಗದ್ವಾಲ, ಐಜ, ವಡ್ಡೆಪಲ್ಲಿ, ಮಕ್ತಲದ ನೂರಾರು ಜನರ ಹೆಸರು, ಹೆಸರಿನ ಮುಂದೆ ದಾಯಾ, ಬಾಯಾ, ಕೆಲವರ ಮುಂದೆ ಅಡ್ಡಗೀಟು. ಇದು ಯಾರನ್ನೋ ಮುಗಿಸಲು ಮಾಡಿದ ಪಟ್ಟಿ ಎಂದು ಅವರಿಗೆ ಅನುಮಾನ ಬಂತು. ಸಾಹೇಬರನ್ನು ಕಚೇರಿಗೆ ಕರೆದೊಯ್ದು ಪಡಸಾಲೆಯಲ್ಲಿ ಕೂಡಿಸಿದರು. ಅವರು ಹೇಳಿದ್ದನ್ನು ಯಾರೂ ನಂಬಲಿಲ್ಲ. ಎರಡು ದಿನ ಹಾಗೇ ಕೂತಿದ್ದರು.

ಮೂರನೆಯ ದಿನ ಮುಂಜಾನೆ ಅವ್ವ ತಲೆ ಬಾಚಿಕೊಂಡು ಒಗೆದ ಸೀರೆ ಉಟ್ಟಳು. ಅಷ್ಟು ಹೊತ್ತಿಗಾಗಲೇ ಅವಳ ಗಲ್ಲ ಬಾತು ಮಾತು ತೊದಲುತ್ತಿತ್ತು. "ಕಚೇರಿಗೆ ಹೋಗೂಣು ನಡಿ" ಎಂದಳು.

"ಅಲ್ಲಿ ಬಂದೂಕಿನವರದಾರ, ಬ್ಯಾಡವ್ವ" ಎಂದೆ.

"ಬಾಯಿ ನಂದು. ತೋರ್ಸಾಕ ಯಾರ ಹುಕುಂ ಬೇಕು?"

ಓಣಿಯಲ್ಲಿ ಒಂದೊಂದೇ ಬಾಗಿಲು ತಟ್ಟುತ್ತ ಹೋದಳು. ಪುಸ್ತಕದಲ್ಲಿ ಹೆಸರಿದ್ದವರು ಒಬ್ಬೊಬ್ಬರಾಗಿ ಜೊತೆಗೆ ಬಂದರು. ಕಚೇರಿಯಲ್ಲಿ ನಾನು ಅವರ ಮಾತನ್ನು ಅಧಿಕಾರಿಗೆ ಹಿಂದುಸ್ತಾನಿಯಲ್ಲಿ ಹೇಳಬೇಕೆಂದು ನಿಂತೆ. ಅವ್ವ ಪುಸ್ತಕದತ್ತ ಬೆರಳು ಮಾಡಿ, "ಮೊದ್ಲನೇ ಹೆಸರು ನಂದೈತಿ, ಓದಸ್ರಿ" ಎಂದಳು. ಗುಮಾಸ್ತ ಓದಿದ: ನಿಂಗಮ್ಮ, ನಾರಾಯಣಪೇಟೆ, ಬಾಯಾ, ಬಾಯಾ. ಅವ್ವ ಬೆಳಕಿನ ಕಡೆ ತಿರುಗಿ ಬಾಯಿ ತೆರೆದು ಎಡಗಲ್ಲವನ್ನು ಬೆರಳಿನಿಂದ ಅಗಲಿಸಿದಳು. ಅಧಿಕಾರಿ ಬಗ್ಗಿ ನೋಡಿ ಹಿಂದೆ ಸರಿದರು. ಗುಮಾಸ್ತ ಎರಡನೆಯ ಹೆಸರು ಓದಿದ. ಎರಡನೆಯವರು ಬಾಯಿ ತೆರೆದರು. ಏಳನೆಯ ಹೆಸರಿಗೆ ಅಡ್ಡಗೀಟಿತ್ತು. ಯಾರೂ ಮುಂದೆ ಬರಲಿಲ್ಲ. "ಅವರು ಹೋದ ಚೈತ್ರದಾಗ ತೀರಿಕೊಂಡ್ರು" ಎಂದು ಅವ್ವ ಹೇಳಿದ್ದನ್ನು ನಾನು ಹಿಂದುಸ್ತಾನಿಯಲ್ಲಿ ಹೇಳಿದೆ. ಅಧಿಕಾರಿ ಕೈ ಎತ್ತಿ ಸಾಕೆಂದರು. ಪುಸ್ತಕವನ್ನು ತಾವೇ ಪಡಸಾಲೆಗೆ ಒಯ್ದು ಸಾಹೇಬರ ಕೈಗೆ ಕೊಟ್ಟು, ತಮ್ಮ ಕೈಕೆಳಗಿನ ಒಬ್ಬ ಸಿಪಾಯಿಯ ಗಲ್ಲ ನೋಡಲು ಹೇಳಿದರು. ಸಾಹೇಬರು ಅಲ್ಲೇ ಕೈ ತೊಳೆಯಲು ನೀರು ಕೇಳಿದರು.

ಹೊರಗೆ ಬಂದ ಮೇಲೆ ಅವ್ವನಿಗೆ, "ನಿಮ್ಮ ಋಣ ಐತಿ ನನ್ನ ಮ್ಯಾಲೆ" ಎಂದರು. ಅವ್ವ, "ನಿಮ್ಮ ಪುಸ್ತಕದಾಗ ನಮ್ಮ ಹೆಸರು ಐತಲ್ರಿ" ಎಂದಳು. ಅಷ್ಟೇ.

ಹೈದರಾಬಾದಿನ ದಾರಿ ಸರಿಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಮರುವರ್ಷ ಅವ್ವ ಹೋದಳು. ಸಾಹೇಬರು ಬಂದು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತರು. ಹೆಣ ಎತ್ತುವವರೆಗೆ ಏಳಲಿಲ್ಲ. ಅವ್ವನ ಹೆಸರಿನ ಮುಂದೆ ಅಡ್ಡಗೀಟು ಹಾಕಲು ಅವರಿಗೆ ಬಹಳ ದಿನ ಕೈ ಬರಲಿಲ್ಲ ಎಂದು ಕಂಪೌಂಡರ್ ಆಮೇಲೆ ಹೇಳಿದ.

ನಂತರ ಅವರು ಬರೆಯಲು ಕೂತರು. ಪುಟ್ಟ ಬರಹ, ಒಂದೂವರೆ ಪುಟದ್ದು. ತಂಬಾಕಿನಿಂದ ಬಾಯಿಗೆ ಕೇಡೆಂದು ಮೊದಲೇ ಹೇಳಿದವರ ಹೆಸರುಗಳನ್ನೆಲ್ಲ ಕೊಟ್ಟು, ನೋವಿಲ್ಲದ ಬಿಳಿ ಮಚ್ಚೆ ಕಂಡಾಗಲೇ ಎಚ್ಚರವಾಗಬೇಕು ಎಂದಿದ್ದರು. ಅದರ ನಡುವೆ ಒಂದು ವಾಕ್ಯ: ಇದನ್ನು ಮೊದಲು ಗಮನಿಸಿದವರು ನಾರಾಯಣಪೇಟೆಯಲ್ಲಿ ನೂಲು ಸುತ್ತುವ ನಿಂಗಮ್ಮ, ಬರೆದವನು ಅದನ್ನು ಪರೀಕ್ಷಿಸಿ ನೋಡಿದ್ದಾನೆ, ಅಷ್ಟೆ.

ದೊಡ್ಡ ಪತ್ರಿಕೆಯೊಂದರಿಂದ ಉತ್ತರ ಬಂತು. ಬರಹ ಚೆನ್ನಾಗಿದೆ, ಆ ವಾಕ್ಯ ತೆಗೆದರೆ ಅಚ್ಚು ಹಾಕುತ್ತೇವೆ. ಅದರ ಬದಲು ‘ಸ್ಥಳೀಯರು ಗಮನಿಸಿದಂತೆ’ ಎಂದು ಬರೆಯಬಹುದು.

ನಾನು ಹೇಳಿದೆ: "ತೆಗೀರಿ ಸಾಹೇಬ್ರ. ಅಲ್ಲಿ ನಮ್ಮವ್ವ ಯಾರಿಗೆ ಗೊತ್ತು? ನಿಮ್ಮ ಬರಹ ನಾಕು ಮಂದಿಗೆ ಮುಟ್ಲಿ."

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಏರಲಿಲ್ಲ, ಕಿವಿ ಕೆಂಪಾದವು. "ಸ್ಥಳೀಯರು ಅಂದ್ರ ಯಾರು? ಸ್ಥಳೀಯರು ಬಂದು ನನ್ನ ಮುಂದ ಕುಂತು ಮಾತಾಡಿಲ್ಲ. ನಿಮ್ಮವ್ವ ಮಾತಾಡ್ಯಾಳ. ದೊಡ್ಡ ಊರಿನ ಡಾಕ್ಟರ್ ಅಂದಿದ್ರ ಹೆಸರು ಬಿಡ್ತಿದ್ರೇನು?"

ಮುಂದೆ ಇನ್ನೆರಡು ಪತ್ರಿಕೆಗಳಿಂದಲೂ ಅದು ತಿರುಗಿ ಬಂತು. ಕಡೆಗೆ ಹೆಚ್ಚು ಜನ ಓದದ ಒಂದು ಸಣ್ಣ ಪತ್ರಿಕೆ, ಇದ್ದದ್ದು ಇದ್ದಂತೆ ಅಚ್ಚು ಹಾಕಿತು. ಒಂದು ಪ್ರತಿ ನನ್ನ ಕೈಗಿಟ್ಟು, ಆ ಸಾಲನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು.

ನನ್ನನ್ನು ಹೈದರಾಬಾದಿಗೆ ಕಳಿಸಿದವರೂ ಅವರೇ. ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೆ ಓದುಬರಹ ಬಲ್ಲವರು ಬೇಕಾಗಿದ್ದರು. "ಹಿಂದಿನ ಪುಟದಿಂದ ಓದೋದು ನಿನಗ ಬರ್ತೈತಿ. ಅಲ್ಲಿ ಅದೇ ಕೆಲಸ" ಎಂದು ಚೀಟಿ ಕೊಟ್ಟರು. ಹೋದೆ, ಅಲ್ಲೇ ಉಳಿದೆ. ನನ್ನ ಕಣ್ಣ ಮುಂದೆ ಕ್ಯಾನ್ಸರಿನ ಪತ್ರಿಕೆಗಳು ಒಂದು ಹಲಗೆಯಿಂದ ಒಂದು ಕಪಾಟಾದವು, ಕಪಾಟು ಒಂದು ಗೋಡೆಯಾಯಿತು. ಲೇಖನಗಳ ಕೆಳಗಿನ ಪಟ್ಟಿ ಉದ್ದವಾಗುತ್ತ ಹೋಯಿತು. ಸಿಗರೇಟು ಮತ್ತು ಶ್ವಾಸಕೋಶದ ಬಗ್ಗೆ ಬರೆದದ್ದನ್ನು ಎಲ್ಲರೂ ಎತ್ತಿಕೊಂಡರು. ಬಾಯಿಯ ಬಗ್ಗೆ ಬರೆದದ್ದು ನಿಧಾನವಾಗಿ, ಒಂದೊಂದಾಗಿ ಕಾಣಿಸಿತು. ಪ್ರತಿ ಸಂಚಿಕೆ ಬಂದಾಗಲೂ ಮೊದಲು ಹಿಂದಿನ ಪುಟ ತೆರೆದು ಸಾಹೇಬರ ಹೆಸರು ಹುಡುಕುತ್ತಿದ್ದೆ. ಹೈದರಾಬಾದ್ ರಾಜ್ಯವೇ ಒಡೆದು ಮೂರು ಪಾಲಾಯಿತು. ರಾಯಚೂರು ಅತ್ತ ಮೈಸೂರು ರಾಜ್ಯಕ್ಕೆ ಹೋಯಿತು, ನಮ್ಮೂರು ಇತ್ತ ಆಂಧ್ರದಲ್ಲಿ ಉಳಿಯಿತು. ಅವರ ಬರಹವನ್ನು ಎತ್ತಿಕೊಂಡವರು ಮಾತ್ರ ಯಾರೂ ಕಾಣಲಿಲ್ಲ. ನಿವೃತ್ತರಾಗಿ ಗದ್ವಾಲದಲ್ಲಿದ್ದ ಅವರಿಗೆ ವರ್ಷಕ್ಕೊಂದು ಕಾರ್ಡು ಬರೆಯುತ್ತಿದ್ದೆ: ಇನ್ನೂ ಬಂದಿಲ್ಲ. ಅವರ ಉತ್ತರವೂ ಒಂದೇ: "ಓದಿದವರೆಲ್ಲ ಬರೀಬೇಕು ಅಂತೇನೂ ಇಲ್ಲ. ಆರೋಗ್ಯ ನೋಡಿಕೋ."

ಒಂದು ಬೇಸಿಗೆಯಲ್ಲಿ ಅದು ಸಿಕ್ಕಿತು. ದೂರದ ದೇಶದ ಪತ್ರಿಕೆ, ಬಾಯಿಯ ಬಿಳಿ ಮಚ್ಚೆಯ ಮೇಲಿನ ದೀರ್ಘ ಲೇಖನ. ಕೊನೆಯ ಪಟ್ಟಿಯ ನಡುವೆ ಅವರ ಹೆಸರು. ನಾನು ಎರಡು ಸಲ ಬೆರಳಿಟ್ಟು ನೋಡಿದೆ. ಆ ಸಾಲನ್ನು ಕೈಯಲ್ಲಿ ನಕಲು ಮಾಡಿಕೊಂಡು ರಜೆ ಹಾಕಿ ಗದ್ವಾಲಕ್ಕೆ ಹೋದೆ.

ಅವರು ಹಾಸಿಗೆ ಹಿಡಿದಿದ್ದರು. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಮುಖ ಅರಳಿತು, ಬೇಗನೇ ಮತ್ತೆ ಗಂಭೀರವಾಯಿತು. "ಒಳಗ ನಿಮ್ಮವ್ವನ ಹೆಸರು ಐತೇನು?"

"ಇಲ್ರಿ. ನಿಮ್ಮದಷ್ಟ."

"ಹಂಗಾದ್ರ ಅರ್ಧಾನ ಓದ್ಯಾರ. ಕುಂದುರು. ಅದನ್ನ ಬರದವ್ರಿಗೆ ಒಂದು ಪತ್ರ ಬರಿ."

ಅವರು ಹೇಳುತ್ತ ಹೋದರು, ನಾನು ಬರೆದೆ. ‘ನನ್ನ ಬರಹವನ್ನು ನೆನೆದದ್ದಕ್ಕೆ ಉಪಕಾರ, ಆದರೆ ಆ ಮಾತು ನನ್ನದಲ್ಲ’ ಎಂದು ಶುರುವಾಗುತ್ತಿತ್ತು ಅದು. ಸಹಿ ಹಾಕಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅದನ್ನು ನಾನು ಹೈದರಾಬಾದಿನಿಂದ ಟಪಾಲಿಗೆ ಹಾಕಿದೆ. ತಿಂಗಳು ತುಂಬುವ ಮೊದಲೇ ಸಾಹೇಬರು ತೀರಿಕೊಂಡ ಸುದ್ದಿ ಬಂತು. ಆ ಪತ್ರಕ್ಕೆ ಉತ್ತರ ಬರಲೇ ಇಲ್ಲ.

ಗ್ರಂಥಾಲಯದಲ್ಲಿ ಪ್ರತಿ ಬರಹಕ್ಕೂ ಒಂದು ಕಾರ್ಡು ಇರುತ್ತಿತ್ತು. ಸಾಹೇಬರ ಕಾರ್ಡನ್ನು ತೆಗೆದು, ಲೇಖಕರೆಂಬ ಜಾಗದಲ್ಲಿ ಅವರ ಹೆಸರಿನ ಪಕ್ಕಕ್ಕೆ ನಿಂಗಮ್ಮ ಎಂದು ಸೇರಿಸಿ ಹೊಸದಾಗಿ ಬರೆದಿಟ್ಟೆ. ಅದು ನಿಯಮಕ್ಕೆ ವಿರುದ್ಧ. ಕೆಲವು ದಿನಗಳ ಮೇಲೆ ನಮ್ಮ ಮುಖ್ಯಸ್ಥರ ಕಣ್ಣಿಗೆ ಬಿತ್ತು. ಇವರು ಯಾವ ಕಾಲೇಜಿನವರು ಎಂದು ಕೇಳಿದರು. ಕಾಲೇಜಿನವರಲ್ಲ, ನಾರಾಯಣಪೇಟೆಯಲ್ಲಿ ನೂಲು ಸುತ್ತುತ್ತಿದ್ದರು ಎಂದೆ. ಹಾಗೆಂದು ಬರಹದಲ್ಲಿ ಇದೆಯೇ ಎಂದರು. ಪತ್ರಿಕೆ ತಂದು ಆ ಪುಟ ತೆರೆದು ಕೊಟ್ಟೆ. ಅವರು ನಿಂತುಕೊಂಡೇ ಓದಿದರು. ಆಮೇಲೆ ಕಾರ್ಡನ್ನು ಅದರ ಜಾಗಕ್ಕೆ ಸೇರಿಸಿ ಡ್ರಾಯರು ಮುಚ್ಚಿದರು.